ಕಿವಿಯೊಳಗೆ ಅಕ್ಕಿ ಕೇರುವ ಸದ್ದು

ಇನ್ನಂಜೆಯಿಂದ ಬಂದ ಆ ಹೆಂಗಸನ್ನು ನಾನು ಮೊದಲ ಸಲ ಪರೀಕ್ಷೆ ಮಾಡಿದಾಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಷ್ಟೆ. ಉಡುಪಿಯ ಒಂದು ಖಾಸಗಿ ಶ್ರವಣ ಕೇಂದ್ರದಲ್ಲಿ ನಾನು ಆಡಿಯಾಲಜಿಸ್ಟ್ ಆಗಿದ್ದೆ. ಯಾರ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು ಬರೆದುಕೊಡುವುದು ನನ್ನ ಕೆಲಸ. ಕಾರ್ಕಳದ ಮನೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದೆ, ಸಂಜೆ ಬಸ್ಸಿನಲ್ಲೇ ಹಿಂದಿರುಗುತ್ತಿದ್ದೆ. ದಿನಕ್ಕೆ ಹತ್ತು ಹನ್ನೆರಡು ಜನರನ್ನು ನೋಡಿ ಮುಗಿಸುತ್ತಿದ್ದೆ. ಕೆಲಸ ಕಲಿತಾಯಿತು, ಇನ್ನು ಮಾಡಿಕೊಂಡು ಹೋದರೆ ಸಾಕು ಎಂದುಕೊಂಡಿದ್ದ ದಿನಗಳವು.

ಆಕೆಗೆ ಐವತ್ತೈದರ ಆಸುಪಾಸು. ಮನೆಯ ಹಿತ್ತಿಲಲ್ಲಿ ಮಲ್ಲಿಗೆ ಬೆಳೆಸಿದ್ದರು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರಿಗೆ ಕೊಟ್ಟು, ಆಮೇಲೆ ಸೊಸೆಯೊಂದಿಗೆ ಕಟಪಾಡಿಗೆ ಬಂದು ಉಡುಪಿಯ ಬಸ್ಸು ಹತ್ತಿದ್ದರು. ಕುರ್ಚಿಯಲ್ಲಿ ಕೂತ ಮೇಲೂ ಅವರ ಬೆರಳುಗಳು ನಾರು ಸುತ್ತುವಂತೆ ಸೀರೆಯ ಅಂಚನ್ನು ತಿರುವುತ್ತಲೇ ಇದ್ದವು.

"ಇವರಿಗೆ ಬಲ ಕಿವಿಯಲ್ಲಿ ಸದ್ದು ಉಂಟಂತೆ," ಎಂದಳು ಸೊಸೆ. "ಮೂರು ವರ್ಷ ಆಯ್ತು. ನಮಗೆ ಯಾರಿಗೂ ಕೇಳುವುದಿಲ್ಲ."

"ಎಂತ ಸದ್ದು?"

ಸೊಸೆ ಅತ್ತೆಯ ಮುಖ ನೋಡಿದಳು. ಅವರು ತುಳುವಿನಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವಾಗ ಮಾತಾಡುವಷ್ಟು ಮೆಲ್ಲಗೆ ಹೇಳಿದರು. ಯಾರೋ ತಡ್ಪೆಯಲ್ಲಿ ಅಕ್ಕಿ ಕೇರಿದ ಹಾಗೆ. ನಮ್ಮಲ್ಲಿ ಮೊರಕ್ಕೆ ತಡ್ಪೆ ಎನ್ನುತ್ತಾರೆ. ಮೊದಮೊದಲು ಪಕ್ಕದ ಮನೆಯ ಸದ್ದು ಎಂದುಕೊಂಡಿದ್ದರಂತೆ. ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಅಂಗಳದಲ್ಲಿ ಯಾರೋ ಕೂತು ಕೇರುತ್ತಿರುವಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದು ಹೋಗಿ ನೋಡಿದರೆ ಅಂಗಳದಲ್ಲಿ ಬಿಸಿಲು ಬಿಟ್ಟು ಬೇರೇನೂ ಇಲ್ಲ. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು, ಹೇಳಿದ ಪೂಜೆಗಳನ್ನೂ ಮಾಡಿಸಿದ್ದರು. ಕೇರುವುದು ನಿಂತಿರಲಿಲ್ಲ.

ನಾನು ಅವರನ್ನು ಬೂತಿನೊಳಗೆ ಕೂರಿಸಿದೆ. ಬೂತ್ ಎಂದರೆ ಕೋಣೆಯೊಳಗಿನ ಇನ್ನೊಂದು ಪುಟ್ಟ ಕೋಣೆ. ಗೇಣು ದಪ್ಪದ ಬಾಗಿಲು, ಸದ್ದು ಹೀರುವ ಗೋಡೆ, ಒಂದೇ ಒಂದು ಗಾಜಿನ ಕಿಟಕಿ. ಬಾಗಿಲು ಮುಚ್ಚಿದರೆ ಹೊರಗಿನ ರಸ್ತೆ, ಬಸ್ಸು, ಮನುಷ್ಯರು ಎಲ್ಲವೂ ಒಮ್ಮೆಲೇ ಇಲ್ಲವಾಗುತ್ತದೆ. ರೋಗಿಯ ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಬಟನ್. ನಾನು ಹೊರಗೆ ಯಂತ್ರದ ಮುಂದೆ ಕೂತು ಸಣ್ಣ ಸಣ್ಣ ಸ್ವರಗಳನ್ನು ಕಳಿಸುತ್ತೇನೆ. ಕೇಳಿದಾಗ ಅವರು ಬಟನ್ ಒತ್ತಿದರೆ ನನ್ನ ಮುಂದೆ ಒಂದು ಹಸಿರು ದೀಪ ಹತ್ತುತ್ತದೆ.

ಅಂದು ನಾನು ಏನೂ ಕಳಿಸದಿದ್ದಾಗಲೂ ದೀಪ ಹತ್ತುತ್ತಿತ್ತು.

ಮೈಕಿನಲ್ಲಿ, "ಅಮ್ಮ, ಕೂ ಅಂತ ಕೇಳಿದಾಗ ಮಾತ್ರ ಒತ್ತಿ," ಎಂದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ದೀಪ. ನಾನು ಕೈಯನ್ನು ಯಂತ್ರದಿಂದ ಪೂರ್ತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಗಾಜಿನ ಆಚೆ ಅವರು ನನಗೆ ಬೆನ್ನು ಕೊಟ್ಟು ಅಲುಗಾಡದೆ ಕೂತಿದ್ದರು. ದೀಪ ಹತ್ತಿತು, ಆರಿತು, ಹತ್ತಿತು. ನನಗೆ ಕುತ್ತಿಗೆಯ ಹಿಂದೆ ಚಳಿಯಾಯಿತು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಬೇಗ ಬೇಗ ಪರೀಕ್ಷೆ ಮುಗಿಸಿ, ವಯಸ್ಸಿಗೆ ತಕ್ಕ ಸ್ವಲ್ಪ ಮಂದ ಎಂದು ಬರೆದೆ. ಕೆಳಗೆ ಒಂದು ಸಾಲು ಸೇರಿಸಿದೆ: ರೋಗಿಯ ಉತ್ತರಗಳು ನಂಬಲರ್ಹವಲ್ಲ.

"ವಯಸ್ಸಾದವರಿಗೆ ಕಿವಿಯಲ್ಲಿ ಹೀಗೆಲ್ಲ ಆಗ್ತದೆ. ತಲೆಬಿಸಿ ಮಾಡಬೇಡಿ," ಎಂದು ಹೇಳಿ ಫೈಲು ಕೊಟ್ಟೆ.

ಅವರು ಬಾಗಿಲವರೆಗೆ ಹೋಗಿ ತಿರುಗಿ ನಿಂತು ಕೇಳಿದರು. "ನಿಮಗೂ ಕೇಳಲಿಲ್ವಾ?"

ನಾನು ಮುಂದಿನವರ ಹೆಸರು ಕರೆದೆ.

ಇದಾಗಿ ಒಂದು ತಿಂಗಳಿಗೆ ನಮ್ಮ ಕೇಂದ್ರದ ಮಾಲೀಕರು ಮೆಂಟರಿಂಗ್ ಎಂಬ ವ್ಯವಸ್ಥೆ ತಂದರು. ಹೊಸಬರಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಹಿರಿಯರು, ವಾರಕ್ಕೆ ಒಂದು ಗಂಟೆ, ಆರು ತಿಂಗಳು. ತುಂಬಿಸಲು ಒಂದು ಫಾರ್ಮೂ ಇತ್ತು. ನನ್ನ ಗುರಿ ಏನು, ಈ ವಾರ ಚೆನ್ನಾಗಿ ಮಾಡಿದ್ದು ಏನು, ಸುಧಾರಿಸಬೇಕಾದ್ದು ಏನು, ಮುಂದಿನ ಹೆಜ್ಜೆ ಏನು. ನನಗೆ ಸಿಕ್ಕಿದವರು ಮಣಿಪಾಲ ಶಾಖೆಯ ಹಿರಿಯ ಮೇಡಂ. ಅವರ ಅನುಭವ ನನ್ನ ವಯಸ್ಸಿನಷ್ಟಿತ್ತು.

ಅವರ ಬಗ್ಗೆ ನಮ್ಮಲ್ಲಿ ಒಂದು ಮಾತಿತ್ತು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ದೀಪ ಹಾಕದೆ, ಬೂತಿನೊಳಗೆ ಬಾಗಿಲು ಮುಚ್ಚಿಕೊಂಡು ಒಬ್ಬರೇ ಕೂರುತ್ತಾರೆ ಎಂದು. ಅಲ್ಲಿನ ರಿಸೆಪ್ಷನ್ ಹುಡುಗಿ ನನಗೆ ದನಿ ತಗ್ಗಿಸಿ ಹೇಳಿದ್ದಳು. "ಒಂದು ದಿನ ಗಾಜಿನಲ್ಲಿ ಇಣುಕಿ ನೋಡಿದೆ. ಕತ್ತಲಲ್ಲಿ ಕೂತಿದ್ದಾರೆ, ಕಣ್ಣು ಬಿಟ್ಟುಕೊಂಡೇ. ಯಾರದೋ ಮಾತು ಕೇಳುವವರ ಹಾಗೆ ತಲೆ ಓರೆ ಮಾಡಿಕೊಂಡು."

ಮೊದಲ ಶನಿವಾರ ನಾನು ಫಾರ್ಮನ್ನು ಅಂದವಾಗಿ ತುಂಬಿಸಿಕೊಂಡು ಹೋದೆ. ಅವರು ಪೂರ್ತಿ ಓದಿದರು. ಮಡಚಿ ಚಹಾದ ಲೋಟದ ಕೆಳಗಿಟ್ಟರು.

"ಚೆನ್ನಾಗಿ ಬರೆದಿದ್ದೀರಿ. ಈಗ ಈ ವಾರ ನಿಮ್ಮ ಮನಸ್ಸಿಗೆ ಸರಿ ಬಾರದೇ ಇದ್ದ ಒಂದು ಕೇಸು ಹೇಳಿ."

"ಹಾಗೆ ಏನೂ ಇಲ್ಲ ಮೇಡಂ."

"ಹೌದಾ," ಎಂದು ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಅವರ ಸುಮ್ಮನಿರುವಿಕೆಗೆ ಕೊನೆಯೇ ಇರಲಿಲ್ಲ. ಚಹಾ ಆರಿತು. ಹತ್ತು ನಿಮಿಷದ ಮೇಲೆ, "ಹಾಗಾದರೆ ಮುಂದಿನ ಶನಿವಾರ ಬನ್ನಿ," ಎಂದರು.

ಎರಡನೆಯ ಶನಿವಾರವೂ ಹಾಗೆಯೇ ಆಯಿತು, ಮೂರನೆಯದೂ. ಬಸ್ಸಿನಲ್ಲಿ ಹಿಂದೆ ಬರುವಾಗ ನನಗೆ ಸಿಟ್ಟು. ಕಲಿಸುವುದಕ್ಕೆ ಇವರಿಗೆ ಏನೂ ಇಲ್ಲ, ನನ್ನ ಅರ್ಧ ದಿನ ಹಾಳು ಎಂದುಕೊಂಡೆ. ಅಮ್ಮನ ಹತ್ತಿರವೂ ಹಾಗೆಯೇ ಹೇಳಿದೆ. ಮೇಡಂ ನನ್ನಿಂದ ಏನೋ ಬಯಸುತ್ತಿದ್ದಾರೆ, ಅದನ್ನು ಕೊಡಲು ನನಗೆ ಇಷ್ಟವಿಲ್ಲ ಎಂಬುದು ಮಾತ್ರ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ಶನಿವಾರ ಅವರು ಚಹಾ ತರಿಸಲಿಲ್ಲ. "ಬನ್ನಿ, ನಿಮ್ಮ ಕಿವಿ ನೋಡುವ," ಎಂದು ನನ್ನನ್ನು ಬೂತಿನೊಳಗೆ ಕೂರಿಸಿದರು. ಹೆಡ್‌ಫೋನ್ ಹಾಕಿ, ಬಟನ್ ಕೈಗೆ ಕೊಟ್ಟು, ದೀಪ ಆರಿಸಿ ಬಾಗಿಲು ಎಳೆದುಕೊಂಡರು.

ಕಾಲೇಜಿನ ದಿನಗಳಿಂದ ನೂರಾರು ಜನರನ್ನು ನಾನು ಅಂಥ ಕುರ್ಚಿಯಲ್ಲಿ ಕೂರಿಸಿದ್ದೇನೆ. ನಾನೇ ಕತ್ತಲಲ್ಲಿ ಕೂತದ್ದು ಅದೇ ಮೊದಲು. ಮೊದಲು ಏನೂ ಇರಲಿಲ್ಲ. ಆಮೇಲೆ ಆ ಏನೂ ಇಲ್ಲದ್ದು ಹತ್ತಿರ ಬಂತು. ಕಿವಿಯ ಪರದೆಯ ಮೇಲೆ ಯಾರೋ ಅಂಗೈ ಇಟ್ಟು ಒತ್ತಿದ ಹಾಗೆ. ನನ್ನ ರೆಪ್ಪೆ ಬಡಿದರೆ ಅದು ಕೇಳಿಸಿತು. ಉಗುಳು ನುಂಗಿದ್ದು ಬಾವಿಗೆ ಕೊಡ ಬಿದ್ದಷ್ಟು ದೊಡ್ಡದಾಗಿ ಕೇಳಿಸಿತು. ದೂರದಲ್ಲಿ ಒಂದು ಸ್ವರ ಬಂತು, ಒತ್ತಿದೆ. ಇನ್ನೊಂದು ಬಂತೋ ಇಲ್ಲವೋ ತಿಳಿಯಲಿಲ್ಲ, ಒತ್ತಿದೆ. ಆಮೇಲೆ ನನ್ನ ಬಲಗಡೆಯಲ್ಲಿ, ತೀರ ಹತ್ತಿರ, ಯಾರೋ ಉಸಿರಾಡುತ್ತಿದ್ದಾರೆ ಎನಿಸಿತು. ನಾನು ಉಸಿರು ಹಿಡಿದೆ. ಅದು ನಿಲ್ಲಲಿಲ್ಲ. ತಿರುಗಿ ನೋಡಬೇಕೆಂದರೆ ಕುತ್ತಿಗೆ ಕೇಳಲಿಲ್ಲ. ಬಟನ್ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ.

ಬಾಗಿಲು ತೆರೆದಾಗ ನಾನು ಇನ್ನೂ ಒತ್ತುತ್ತಲೇ ಇದ್ದೆ.

"ನಾನು ಕಳಿಸಿದ್ದು ನಾಲ್ಕು ಸ್ವರ," ಎಂದರು ಮೇಡಂ. "ನೀವು ಒತ್ತಿದ್ದು ಹದಿನೇಳು ಸಲ."

"ಒಳಗೆ ಸದ್ದು ಇತ್ತು ಮೇಡಂ."

"ಇರಬಹುದು. ಈಗ ನಿಮ್ಮ ರಿಪೋರ್ಟಿನಲ್ಲಿ ನಾನು ಎಂತ ಬರೆಯಲಿ?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನಾನು ಆ ಕುರ್ಚಿಯಲ್ಲೇ ಕೂತು ಇನ್ನಂಜೆಯ ಹೆಂಗಸಿನ ವಿಷಯ ಹೇಳಿದೆ. ಮೊರದ ಸದ್ದು, ಹತ್ತಿ ಆರುವ ದೀಪ, ಬಾಗಿಲಲ್ಲಿ ತಿರುಗಿ ಕೇಳಿದ ಮಾತು, ನಾನು ಬರೆದ ಸಾಲು. 

"ದೀಪ ಹತ್ತಿದ್ದು ಹೇಗೆ? ಒಂದೊಂದು ಸಲ ಒಂದೊಂದು ತರಹವಾ, ಅಥವಾ ಒಂದು ಲೆಕ್ಕದಲ್ಲಾ?"

ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ.

"ನಾಳೆಯೇ ಫೋನು ಮಾಡು ಮಾರಾಯ್ತಿ," ಎಂದರು ಅವರು. ಅಂದಿನಿಂದ ನನ್ನನ್ನು ಏಕವಚನದಲ್ಲಿ ಕರೆಯತೊಡಗಿದರು.

ಫೋನು ಎತ್ತಿದ ಸೊಸೆಗೆ ಆಶ್ಚರ್ಯ. "ಸರಿ ಉಂಟು ಅಂತ ನೀವೇ ಹೇಳಿದ್ದಲ್ವಾ?"

"ನಾನು ಸರಿಯಾಗಿ ನೋಡಲಿಲ್ಲ. ಇನ್ನೊಮ್ಮೆ ನೋಡಬೇಕು," ಎಂದೆ. ಅಷ್ಟು ಹೇಳಲು ನಾನು ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೆ.

ಅತ್ತೆ ಸೊಸೆ ಮೇಡಂ ಇದ್ದ ಮಣಿಪಾಲ ಶಾಖೆಗೆ ಬಂದರು. ಈ ಸಲ ಮೇಡಂ ಹೆಡ್‌ಫೋನಿನಲ್ಲಿ ಯಾವ ಸ್ವರವನ್ನೂ ಕಳಿಸಬೇಡ ಎಂದರು. ತಾವೂ ಬೂತಿನೊಳಗೆ ಹೋಗಿ ಆಕೆಯ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. "ಅಮ್ಮ, ನಾವು ಏನೂ ಕೇಳಿಸುವುದಿಲ್ಲ. ನಿಮಗೆ ಕೇಳ್ತದಲ್ಲ, ಆ ಕೇರುವುದು, ಅದು ಕೇಳಿದ ಹಾಗೆಲ್ಲ ಒತ್ತುತ್ತಾ ಹೋಗಿ," ಎಂದರು. ಆಮೇಲೆ ಬಾಗಿಲು ಮುಚ್ಚಿತು. ಮೈಕಿನಲ್ಲಿಯೂ ಏನೂ ಬರಲಿಲ್ಲ.

ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಗಡಿಯಾರದಷ್ಟು ಸಮವಾಗಿ. ಅದನ್ನು ನೋಡುತ್ತಾ ನನಗೆ ಅನಿಸಿತು, ಒಳಗೆ ಅವರಿಬ್ಬರಲ್ಲದೆ ಮೂರನೆಯವರು ಯಾರೋ ಕೂತು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುವ ಹಾಗೆ. ಅಷ್ಟರಲ್ಲಿ ಮೇಡಂ ಆಕೆಯ ಎಡಗೈ ಹಿಡಿದು ನಾಡಿಯ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯ ಬೆರಳನ್ನು ಗಾಜಿಗೆ ತಂದು, ನಾಡಿ ಬಡಿದಾಗಲೆಲ್ಲ ಮೆಲ್ಲಗೆ ತಟ್ಟತೊಡಗಿದರು. ಸದ್ದು ಹೊರಗೆ ಬರುತ್ತಿರಲಿಲ್ಲ, ಬೆರಳು ಮಾತ್ರ ಕಾಣುತ್ತಿತ್ತು. ಬೆರಳು ತಟ್ಟಿತು, ದೀಪ ಹತ್ತಿತು. ಬೆರಳು ತಟ್ಟಿತು, ದೀಪ ಹತ್ತಿತು. ಎರಡಕ್ಕೂ ಒಂದೇ ಗತಿ.

ಮೇಡಂ ಆಕೆಯನ್ನು ಹೊರಗೆ ಕರೆತಂದು ಕೇಳಿದರು. "ಅಮ್ಮ, ಸದ್ದು ಕಮ್ಮಿ ಆಗ್ಲಿಕ್ಕೆ ನೀವು ಎಂತಾದರೂ ಮಾಡ್ತೀರಾ?"

ಆಕೆ ಸಂಕೋಚದಿಂದ ಬಲ ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ಬೆರಳು ಒತ್ತಿ ತೋರಿಸಿದರು. "ಇಲ್ಲಿ ಒತ್ತಿದರೆ ಅವಳು ಸ್ವಲ್ಪ ನಿಲ್ಲಿಸುತ್ತಾಳೆ."

ಅವಳು ಎಂದರು. ಸೊಸೆ ಮುಖ ಬೇರೆ ಕಡೆ ತಿರುಗಿಸಿದಳು.

ಮೇಡಂ ಸ್ಟೆತಾಸ್ಕೋಪ್ ತೆಗೆದು ಅದೇ ಜಾಗಕ್ಕೆ ಇಟ್ಟು ಕಣ್ಣು ಮುಚ್ಚಿದರು. ತುಂಬಾ ಹೊತ್ತು ಹಾಗೆಯೇ ಇದ್ದರು. ಆಮೇಲೆ ಅದನ್ನು ನನ್ನ ಕಿವಿಗೆ ಹಾಕಿದರು.

ನನಗೆ ಕೇಳಿಸಿತು. ಹುಶ್, ಹುಶ್, ಹುಶ್. ಅಕ್ಕಿಯನ್ನು ಮೇಲಕ್ಕೆಸೆದು ಮೊರದಲ್ಲಿ ಹಿಡಿಯುವ ಸದ್ದು, ಎಲ್ಲೂ ತಪ್ಪದೆ. ಇನ್ನೊಬ್ಬರ ತಲೆಯೊಳಗೆ, ಮೂಳೆಯ ಆಚೆ, ಮೂರು ವರ್ಷದಿಂದ ಯಾರೂ ನಂಬದ ಆ ಸದ್ದು ನನ್ನ ಕಿವಿಯಲ್ಲಿತ್ತು. ಸ್ಟೆತಾಸ್ಕೋಪ್ ತೆಗೆದ ಮೇಲೂ ಅದು ನಿಂತಿತೆಂದು ನನಗೆ ಕೂಡಲೇ ಖಾತ್ರಿಯಾಗಲಿಲ್ಲ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೇಳಿಸಿತು ಅಮ್ಮ," ಎಂದೆ. "ತಡ್ಪೆಯ ಹಾಗೆಯೇ ಉಂಟು."

ಅವರು ಸೊಸೆಯ ಕಡೆ ತಿರುಗಿ ತುಳುವಿನಲ್ಲಿ, "ಕೇಳಿದೆಯಾ, ಅವರಿಗೂ ಕೇಳಿಸಿತಂತೆ," ಎಂದು ಮಾತ್ರ ಹೇಳಿದರು. ಸೊಸೆ ಅತ್ತಳು. ಆಕೆ ಅಳಲಿಲ್ಲ.

ಅಂದೇ ದೊಡ್ಡ ಆಸ್ಪತ್ರೆಗೆ ಪತ್ರ ಬರೆದೆವು. ಮೇಡಂ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು. ರೋಗಿ ಹೇಳುವ ಸದ್ದು ಪರೀಕ್ಷಿಸಿದ ಇಬ್ಬರಿಗೂ ಕೇಳಿಸಿದೆ ಎಂದು ಬರೆದು ನಾನೇ ಸಹಿ ಹಾಕಿದೆ. ಸ್ಕ್ಯಾನ್ ಮಾಡಿದಾಗ ತಲೆಯ ಹಿಂಭಾಗದಲ್ಲಿ ರಕ್ತನಾಳಗಳೆರಡು ಸೇರಬಾರದ ಜಾಗದಲ್ಲಿ ಸೇರಿಕೊಂಡದ್ದು ಕಂಡಿತು. ಹೃದಯ ಬಡಿದಾಗಲೆಲ್ಲ ರಕ್ತ ಅಲ್ಲಿ ನುಗ್ಗುವ ಸದ್ದು ಅದು. ಹಾಗೆಯೇ ಬಿಟ್ಟಿದ್ದರೆ ಒಂದಲ್ಲ ಒಂದು ದಿನ ಒಳಗೆ ರಕ್ತ ಸೋರಬಹುದಿತ್ತು ಎಂದರಂತೆ ಡಾಕ್ಟರು. ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆ ಏರಿಸಿ ಅದನ್ನು ಮುಚ್ಚಿದರು.

ಆ ದಿನಗಳಲ್ಲಿ ಒಂದು ಶನಿವಾರ ನಾನು ಧೈರ್ಯ ಮಾಡಿ ಮೇಡಂ ಹತ್ತಿರ ಕೇಳಿದೆ, ಬೆಳಿಗ್ಗೆ ಕತ್ತಲಲ್ಲಿ ಕೂರುವುದು ಏಕೆ ಎಂದು. ಅವರು ನಕ್ಕರು. ಯಂತ್ರ ಸರಿ ಇದೆಯೇ ಎಂದು ದಿನಾ ಕೇಳಿ ನೋಡುವುದು ನಮ್ಮ ಕೆಲಸದ ನಿಯಮ, ನಾನೂ ಮಾಡಬೇಕಾದದ್ದು. "ಐದು ನಿಮಿಷ ಹೆಚ್ಚು ಕೂರ್ತೇನೆ, ಅಷ್ಟೇ. ಅಲ್ಲಿ ಎಂತೆಲ್ಲ ಕೇಳ್ತದೆ ಅಂತ ಮರೆತುಹೋಗಬಾರದಲ್ಲ." ನಾನೂ ಉಡುಪಿಯಲ್ಲಿ ಹಾಗೆ ಕೂರತೊಡಗಿದೆ. ಮೊದಲ ವಾರ ಬಾಗಿಲನ್ನು ಪೂರ್ತಿ ಮುಚ್ಚಲು ನನಗೆ ಧೈರ್ಯವಾಗಲಿಲ್ಲ.

ಎರಡು ತಿಂಗಳ ಮೇಲೆ ಆಕೆ ಉಡುಪಿಗೆ ಬಂದರು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಮುಖ ತುಂಬಿಕೊಂಡಿತ್ತು. ಮತ್ತೆ ಪರೀಕ್ಷೆ ಮಾಡಿದೆ. ನಾನು ಸ್ವರ ಕಳಿಸಿದಾಗ ದೀಪ ಹತ್ತಿತು, ಕಳಿಸದಿದ್ದಾಗ ಹತ್ತಲಿಲ್ಲ. ಸಂತೋಷದಿಂದ ಬಾಗಿಲು ತೆರೆದೆ. ಅವರು ಎದ್ದು ಬರಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಬಿಳಿಚಿದ ಮುಖದಲ್ಲಿ ಗೋಡೆ ನೋಡುತ್ತಿದ್ದರು.

"ಎಂತ ಆಯ್ತು ಅಮ್ಮ?"

"ಒಳಗೆ ಯಾರೂ ಇಲ್ಲ," ಎಂದರು.

ಮನೆಯಲ್ಲಿ ಮಕ್ಕಳ ಗಲಾಟೆ, ಕೋಳಿ, ಟಿ.ವಿ. ಇರುವಾಗ ಅಷ್ಟಾಗಿ ತಿಳಿದಿರಲಿಲ್ಲವಂತೆ. ಮೂರು ವರ್ಷ ಆ ಕೇರುವವಳ ಜೊತೆ ಬೈದಾಡಿಕೊಂಡು, ಕೆಲವು ದಿನ ಅವಳ ಗತಿಗೆ ಸರಿಯಾಗಿ ಹೂ ಕಟ್ಟಿಕೊಂಡು ಇದ್ದವರು. ಈಗ ಅವಳು ಎಲ್ಲಿಗೆ ಹೋದಳು ಎಂದು ಯಾರನ್ನು ಕೇಳುವುದು.  ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಹೊರಗೆ ಕಾಯುವವರು ಕಾದರು. ಕೊನೆಗೆ ಅವರೇ ಎದ್ದು, "ಬಸ್ಸಿಗೆ ಹೊತ್ತಾಯಿತು," ಎಂದು ಹೊರಟರು.

ಆ ಶನಿವಾರ ಮೇಡಂ ಹತ್ತಿರ ಇದನ್ನು ಹೇಳಿದೆ. ಆ ಹೊತ್ತಿಗೆ ನಾನು ವಾರವೂ ಒಂದು ಕೇಸು ತೆಗೆದುಕೊಂಡು ಹೋಗುತ್ತಿದ್ದೆ. ಚೆನ್ನಾಗಿ ಆದದ್ದನ್ನಲ್ಲ, ಹೇಳಲು ನಾಚಿಕೆಯಾಗುವಂಥದನ್ನು. ಒಂದು ಗಂಟೆ ಸಾಲುತ್ತಿರಲಿಲ್ಲ. ಅವರು ಉತ್ತರ ಹೇಳುತ್ತಿದ್ದುದು ಕಡಿಮೆ. ನಾನು ಎಲ್ಲಿ ನೋಡುವುದನ್ನು ಬಿಟ್ಟೆನೋ ಸರಿಯಾಗಿ ಅಲ್ಲಿಗೆ ಒಂದು ಪ್ರಶ್ನೆ ಇಡುತ್ತಿದ್ದರು.

ಅಂದು ಪ್ರಶ್ನೆ ಬರಲಿಲ್ಲ. ಅವರು, "ನನ್ನದೂ ಒಂದು ಉಂಟು," ಎಂದರು.

ಹದಿನಾಲ್ಕು ವರ್ಷದ ಹಿಂದೆ ಅವರು ಕಾಪುವಿನಲ್ಲಿ ವಾರಕ್ಕೊಮ್ಮೆ ಕ್ಯಾಂಪು ಮಾಡುತ್ತಿದ್ದರಂತೆ. ಬಲೆ, ಹಗ್ಗ ಮಾರುವ ಅಂಗಡಿಯವರೊಬ್ಬರು ಬಂದಿದ್ದರು. ಕಿವಿಯಲ್ಲಿ ದೋಣಿಯ ಇಂಜಿನ್ ದೂರ ಹೋಗುವ ಸದ್ದು ಎಂದಿದ್ದರು. ಮೇಡಂ ನಾನು ಬರೆದಂಥದೇ ಸಾಲು ಬರೆದಿದ್ದರು. ವರ್ಷ ಕಳೆದು ಮನಸ್ಸು ತಡೆಯದೆ ಫೋನು ಮಾಡಿದಾಗ ಆ ನಂಬರಿನಲ್ಲಿ ಬೇರೆ ಯಾರೋ ಮಾತಾಡಿದರು.

"ಅವರಿಗೆ ಎಂತ ಆಯ್ತು ಅಂತ ಗೊತ್ತಿಲ್ಲ," ಎಂದರು. "ಬೂತಿನಲ್ಲಿ ಕೂತಾಗ ಕೆಲವು ದಿನ ನನಗೂ ಆ ಇಂಜಿನ್ ಕೇಳಿದ ಹಾಗೆ ಆಗ್ತದೆ."

ನಾನು ಕೇಳಿದೆ. "ಅಂಗಡಿಗೆ ಹೋಗಿ ನೋಡಲಿಲ್ವಾ ಮೇಡಂ?"

ಅವರು ನನ್ನನ್ನು ನೋಡಿದರು. ಅವರ ಪ್ರಶ್ನೆಗಳಿಂದ ನನಗೆ ಹೇಗಾಗುತ್ತಿತ್ತು ಎಂದು ಆಗ ಅವರ ಮುಖದಲ್ಲಿ ಕಂಡಿತು.

ಮುಂದಿನ ಗುರುವಾರ ಇಬ್ಬರೂ ಕಾಪುವಿಗೆ ಹೋದೆವು. ಅಂಗಡಿ ಇತ್ತು. ನೀಲಿ ಹಸಿರು ಬಲೆಗಳು ಛಾವಣಿಯಿಂದ ಇಳಿಬಿದ್ದು ಒಳಗೆಲ್ಲ ಮಬ್ಬು. ಬಲೆಗಳ ನಡುವಿನಿಂದ ಒಬ್ಬರು ಎದ್ದು ಬಂದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮೇಡಂಗೆ ಅವರ ಗುರುತು ಹತ್ತಿತು, ಅವರಿಗೆ ಮೇಡಂ ಗುರುತು ಹತ್ತಲಿಲ್ಲ. ವಿಷಯ ಹೇಳಿದಾಗ ಅವರ ಕೈ ಕಿವಿಯ ಕಡೆಗೆ ಹೋಯಿತು.

"ಓ, ಆ ಸದ್ದಾ. ಅದು ಈಗಲೂ ಉಂಟು," ಎಂದರು. "ದೋಣಿ ದೂರ ಹೋಗ್ತಾ ಉಂಟು. ಆದರೆ ಹೋಗಿ ಮುಗಿಯುವುದಿಲ್ಲ."

ಹೆದ್ದಾರಿಯ ಸದ್ದು ಬರುತ್ತದೆಂದು ಅವರು ಶಟರನ್ನು ಅರ್ಧಕ್ಕೆ ಎಳೆದರು. ಮೇಡಂ ಅವರ ಕಿವಿಯ ಹಿಂದೆ, ಕುತ್ತಿಗೆಯ ಬದಿಯಲ್ಲಿ, ಹಣೆಯ ಪಕ್ಕದಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ನಾನೂ ಕೇಳಿದೆ. ಏನೂ ಇರಲಿಲ್ಲ.

"ಕೇಳಿತಾ?" ಎಂದರು ಅವರು.

"ಇಲ್ಲ," ಎಂದರು ಮೇಡಂ. "ನಮಗೆ ಕೇಳುವುದಿಲ್ಲ. ಆದರೆ ನಿಮಗೆ ಕೇಳ್ತದೆ ಅಂತ ಬರ್ಕೊಳ್ತೇನೆ. ನಮ್ಮಲ್ಲಿ ಬಂದರೆ ಅದನ್ನು ಸ್ವಲ್ಪ ಹಿಂದೆ ಸರಿಸುವ ದಾರಿಗಳು ಈಗ ಉಂಟು."

 ಅಂಗಡಿಯವರು ಬಲೆಯ ರಾಶಿಯ ಹಿಂದಿನಿಂದ ಎರಡು ಪ್ಲಾಸ್ಟಿಕ್ ಸ್ಟೂಲು ತಂದು, ಧೂಳು ಒರಸಿ ನಮ್ಮ ಮುಂದೆ ಇಟ್ಟರು. ಮೇಡಂ ಚೀಲದಿಂದ ಪುಸ್ತಕ ಪೆನ್ನು ತೆಗೆದರು. ಆ ಸದ್ದು ಮೊದಲು ಶುರುವಾದದ್ದು ಯಾವಾಗ ಎಂದು ಅಂಗಡಿಯವರು ಹೇಳತೊಡಗಿದರು.